ಬಟಾಣಿಯ ಲೆಕ್ಕ

ಬರಕೋ ತಮ್ಮಾ, ಮಸಿ ಹೆಪ್ಪುಗಟ್ಟುವ ಮೊದಲು.
ಎಂಕ್‌ಹೌಜೆನ್ ಊರಿನ ತ್ರೈನ್ಚೆ,
ಕಪ್ತಾನ ಮೈಂಡರ್ಟ್ ಸಿಬ್ರಾಂಟ್ಸನ ಹೆಂಡತಿ
(ವಿಧವೆ ಅಂತ ಆಮೇಲೆ ಬರಿ, ಅಂಚಿನಲ್ಲಿ ಜಾಗ ಬಿಡು)
ನೌಕಾಮಂಡಳಿಯ ಮಹಾಸ್ವಾಮಿಗಳಲ್ಲಿ
ಅರಿಕೆ ಮಾಡಿಕೊಳ್ಳುವುದೇನೆಂದರೆ:

ನೀವು ಕೊಡುತ್ತೇವೆಂದ ಅಮೃತಶಿಲೆ ನನಗೆ ಬೇಡ.
ಪಡುವಣ ಚರ್ಚಿನಲ್ಲಿ ಕಲ್ಲಿಗೇನು ಬರವಿಲ್ಲ,
ಚಳಿಗಾಲದಲ್ಲಿ ಕಾಲು ಕಚ್ಚುತ್ತವೆ.
ಕೊರೆಸಬೇಕೆಂದಿರುವ ಮಾತನ್ನೂ ಓದಿಸಿ ಕೇಳಿದೆ:
ಸಮುದ್ರದ ಸಿಂಹ.
ಸಿಂಹವಲ್ಲ ಸ್ವಾಮಿ, ಹೆರಿಂಗ್ ಮೀನಿನ ಹುಡುಗ.
ಒಂಬತ್ತಕ್ಕೆ ದೋಣಿ ಹತ್ತಿದ, ಕರುಳು ತೆಗೆಯುವ ಕೆಲಸ,
ಒಂದು ಮೀನಿಗೆ ಒಂದೇ ಗೀರು, ಉಪ್ಪು, ಪೀಪಾಯಿ.
ಎಷ್ಟನೆಯ ಮೀನೋ, ಚಾಕು ಜಾರಿ
ಎಡ ಹೆಬ್ಬೆರಳಿನ ತುದಿ ಉಪ್ಪಿನೊಳಗೇ ಹೋಯಿತು.
ಯಾರು ತಿಂದರೋ ಅದನ್ನು, ಡಾನ್ಜಿಗ್‌ನಲ್ಲೋ ರೀಗಾದಲ್ಲೋ!
ಈ ಮಾತಿಗೆ ಅವನು ನಗದೆ ಇದ್ದದ್ದೇ ಇಲ್ಲ.

ಹತ್ತೊಂಬತ್ತಕ್ಕೆ ತೋಪಿನವನ ಕೈಯಾಳು.
ಇಪ್ಪತ್ತೇಳಕ್ಕೆ, ಡನ್‌ಕರ್ಕಿನ ಕಡಲ್ಗಳ್ಳರು
ಮಂಜಿನಲ್ಲಿ ಬಂದು ಹಡಗಿಗೆ ಹಡಗು ತಾಗಿಸಿದಾಗ
ಕಪ್ತಾನ ಸತ್ತ, ಎರಡನೆಯವ ಕುಡಿದು ಬಿದ್ದಿದ್ದ,
ಮುಂದೇನೆಂದು ಹೇಳುವವರು ಯಾರೂ ಇರಲಿಲ್ಲ,
ಇವನು ಹೇಳಿದ.
ಅದಕ್ಕೆ ನೀವು ಚಿನ್ನದ ಸರ ಕೊಟ್ಟಿರಿ.
ಚೆಂದದ ಸರ. ಅದರ ತೂಕ ನನಗೆ ಗೊತ್ತು,
ಅಡವಿನ ಅಂಗಡಿಯವನಿಗೆ ಇನ್ನೂ ಚೆನ್ನಾಗಿ ಗೊತ್ತು.
ವಸಂತ ಬಂತೆಂದರೆ ಕೊಕ್ಕರೆ ಊರಿಗೆ, ಸರ ಅಂಗಡಿಗೆ.

ಯಾಕೆ ಅನ್ನುತ್ತೀರಾ?
ಹಡಗಿನವರ ಹೊಟ್ಟೆ ಕಪ್ತಾನನ ತಲೆಯ ಮೇಲೆ.
ತಲೆಗೆ ದಿನಕ್ಕೆ ಏಳು ಸ್ಟೈವರ್, ಆಮೇಲೆ ಕೊಡುತ್ತೇವೆ, ಅಂದಿರಿ.
ಹಸಿವು ಆಮೇಲೆ ಬರುತ್ತೇನೆ ಅನ್ನುವುದಿಲ್ಲವಲ್ಲ.
ಬಟಾಣಿ, ಬಾರ್ಲಿ, ಒಣಮೀನು, ಬೆಣ್ಣೆ, ಬಿಯರು:
ವ್ಯಾಪಾರಿಗಳ ಮೆಟ್ಟಿಲು ಸವೆಸಿದವಳು ನಾನು.
ಕೆಲವು ಕಪ್ತಾನರು ಇದರಲ್ಲೇ ಮನೆ ಎಬ್ಬಿಸಿದರು,
ಹುಳ ಬಿದ್ದ ಕಾಳು ಕೊಂಡು, ಬಿಯರಿಗೆ ನೀರು ಹೊಯ್ದು.
ಇವನೂ ಒಂದು ವರ್ಷ ಹಾಗೆ ಮಾಡಿದ.
ಅದನ್ನೂ ಬರಕೋ. ಮುಚ್ಚಿಟ್ಟು ಏನಾಗಬೇಕು.
ಆ ವರ್ಷ ಒಸಡು ಕೊಳೆತು ಸತ್ತವರು ಆರು ಜನ,
ಅವರಲ್ಲೊಬ್ಬ ನನ್ನ ತಂಗಿಯ ಗಂಡ.
ಮರುವರ್ಷದಿಂದ ಕಾಳನ್ನು ನಾನೇ ಕಚ್ಚಿ ನೋಡಿ ಕೊಂಡೆ.

ಈಗ ಲೆಕ್ಕ.
ಕಪಾಟಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿದೆ, ಒರೆಸಿಲ್ಲ.
ನೂರ ಹತ್ತು ಜನ, ನೂರ ನಲವತ್ತಮೂರು ದಿನ, ತಲೆಗೆ ಏಳು:
ಐದು ಸಾವಿರದ ಐನೂರೈದು ಗಿಲ್ಡರ್, ಮೇಲೆ ಹತ್ತು ಸ್ಟೈವರ್.
ನಿಮ್ಮ ಗುಮಾಸ್ತ ಹೇಳುತ್ತಾನೆ,
ಆ ಮಂಗಳವಾರ ಮೂವತ್ತೊಂದು ಜನ ಹೋದರು,
ಸತ್ತವರು ಉಣ್ಣುವುದಿಲ್ಲ, ಅಂದಿನಿಂದ ಕಳೆಯಬೇಕು ಅಂತ.
ಜಾಣ. ದೇವರು ಅವನನ್ನು ಚೆನ್ನಾಗಿಟ್ಟಿರಲಿ.
ಆದರೆ ಸ್ವಾಮಿ, ಬೆಳಗಿನ ಗಂಜಿ ಅವರು ಉಂಡಿದ್ದರು.
ಅಡುಗೆಯವನ ಬಾಯಿಂದಲೇ ಕೇಳಿದ್ದು:
ಇಂಗ್ಲಿಷರ ಹಾಯಿ ಆಗಲೇ ಕಾಣುತ್ತಿತ್ತು,
ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು,
ಕಪ್ತಾನ ಬಂದು, ಹಂಡೆಗೆ ಬಗ್ಗಿ ನೋಡಿ,
‘ನಾಳೆಗೂ ನೆನೆಹಾಕು, ನೂರ ಹತ್ತು ಜನಕ್ಕೆ’ ಅಂದನಂತೆ.
ನೂರ ಹತ್ತು ಅಂದ. ಎಪ್ಪತ್ತೊಂಬತ್ತು ಅನ್ನಲಿಲ್ಲ.
ಆ ಮೂವತ್ತೊಂದರಲ್ಲಿ ತಾನೂ ಒಬ್ಬನೆಂದು
ಅವನಿಗೆ ಯಾರೂ ಹೇಳಿರಲಿಲ್ಲ.
ನೆನೆದ ಕಾಳನ್ನು ಮತ್ತೆ ಚೀಲಕ್ಕೆ ತುಂಬಲು ಬರುತ್ತದೆಯೇ?
ಗುಮಾಸ್ತನನ್ನೇ ಕೇಳಿ.

ಉಳಿದ ಅರ್ಧ ಪೀಪಾಯಿ ಮನೆಗೆ ಬಂದು ಸೇರಿದೆ.
ಹಡಗುಕಟ್ಟೆಯ ಹೆಂಗಸರು ಪಾತ್ರೆ ಹಿಡಿದು ಬರುತ್ತಾರೆ,
ಅಳೆದು ಕೊಡುತ್ತೇನೆ. ತಂಗಿಯೂ ಬಂದಳು ಒಂದು ದಿನ.
ಯಾರೂ ಅವನ ಮಾತೆತ್ತುವುದಿಲ್ಲ.
ಕಾಳು ಗಟ್ಟಿ, ಅನ್ನುತ್ತಾರೆ, ರಾತ್ರಿಯೆಲ್ಲ ನೆನೆಯಬೇಕು.

ರಾತ್ರಿ, ಕಾಳು ಉಬ್ಬಿ
ಪಾತ್ರೆಯ ಮುಚ್ಚಳ ಒಂಚೂರು ಎತ್ತುತ್ತದೆ, ಸದ್ದಾಗುತ್ತದೆ,
ನಾನು ಎದ್ದು ಕೂರುತ್ತೇನೆ...
ಇದನ್ನು ಬರೆಯಬೇಡ.
ಬರೆದುಬಿಟ್ಟೆಯಾ? ಹೊಡೆದು ಹಾಕು.
ಆ ಇನ್ನೊಂದು ಮಾತು, ಅಂಚಿನದು, ಈಗ ಬರಿ.
ಎಲ್ಲಿ ಗುರುತು ಹಾಕಲಿ, ತೋರಿಸು.